ಕೆಮ್ಮಣ್ಣಿನ ಕೈ ಮತ್ತು ಫಿನ್ಲೆಂಡಿನ ಶುಕ್ರವಾರ

ಬೈರಕೂರು, ಹೊರಡುವ ಮುನ್ನ

ವಿದೇಶಕ್ಕೆ ಹೊರಟವರ ಹತ್ತಿರ ಜನ ಏನೇನು ಕೇಳುತ್ತಾರೆ ಎಂಬುದು ಐವತ್ತೊಂದನೇ ವಯಸ್ಸಿನಲ್ಲಿ ನನಗೆ ಗೊತ್ತಾಯಿತು. ಹೆಡ್ ಮೇಷ್ಟ್ರು ಚಾಕೊಲೇಟ್ ಕೇಳಿದರು. ಬಿಸಿಯೂಟದ ಲಕ್ಷ್ಮಕ್ಕ “ಅಲ್ಲಿ ಮೊಂಡಾಗದ ಚಾಕು ಸಿಗ್ತಾವಂತೆ ಮೇಡಂ” ಅಂದಳು. ನಮ್ಮ ಯಜಮಾನರು ಏನೂ ಬೇಡ, ನೀನು ಬೇಗ ಬಂದರೆ ಸಾಕು ಅಂದರು. ಅದು ಪ್ರೀತಿಯೋ ಅಡುಗೆಮನೆಯ ಚಿಂತೆಯೋ ನಾನು ವಿಚಾರಿಸಲು ಹೋಗಲಿಲ್ಲ. ಮಂಜುಳ ಒಬ್ಬಳು ಮಾತ್ರ, ನಾವೇ ಅಲ್ಲಿಗೆ ಕಳಿಸಿದ್ದ ಒಂದು ಹಾಳೆಯನ್ನು ವಾಪಸು ತಂದುಕೊಡಿ ಎಂದು ಕೇಳಿದಳು.

ನಾನು ಬೈರಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಕೋಲಾರದ ಒಂದು ಸಣ್ಣ ಸಂಸ್ಥೆಯವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆಲವು ಶಾಲೆಗಳಿಗೂ ಹೊರದೇಶದ ಶಿಶುವಿಹಾರಗಳಿಗೂ ಗಂಟು ಹಾಕಿದ್ದರು. ಅವರದೊಂದು ಪೆಟ್ಟಿಗೆ ನಮಗೆ, ನಮ್ಮದೊಂದು ಪೆಟ್ಟಿಗೆ ಅವರಿಗೆ. ಪ್ರಪಂಚವನ್ನು ಮಕ್ಕಳಿಗೆ ನಕ್ಷೆಯಲ್ಲಿ ತೋರಿಸಬೇಡಿ, ಕೈಗೆ ಕೊಡಿ ಎಂದು ತರಬೇತಿಯಲ್ಲಿ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೂತೆದ್ದ ತರಬೇತಿಗಳಿಗೆ ಲೆಕ್ಕವಿಲ್ಲ. ಆಕಳಿಸುತ್ತಲೇ ಒಪ್ಪಿಕೊಂಡೆ.

ಫಿನ್ಲೆಂಡಿನ ಪೆಟ್ಟಿಗೆ ಬಂದ ದಿನ ಆಕಳಿಕೆ ನಿಂತಿತು. ಅದರೊಳಗೆ ಹೆಬ್ಬೆರಳಿಗೆ ಮಾತ್ರ ಜಾಗವಿದ್ದ ಉಣ್ಣೆಯ ಕೈಗವಸುಗಳಿದ್ದವು. ಒಲೆಯ ಮೇಲಿನ ಮುದ್ದೆ ಪಾತ್ರೆ ಇಳಿಸುವುದಕ್ಕೆ ಎಂದು ಮಕ್ಕಳು ತೀರ್ಮಾನಿಸಿದರು. ಒಂದನೇ ತರಗತಿಯ ಪಲ್ಲವಿ ಸುಡುಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಮಧ್ಯಾಹ್ನವಿಡೀ ತೆಗೆಯಲಿಲ್ಲ; ಬೆವರಿ ಕೈಯೆಲ್ಲ ಸುಕ್ಕಾಯಿತು. ಒಂದು ಚಿತ್ರಪುಸ್ತಕವೂ ಇತ್ತು. ಯಾವ ಪುಟ ತೆರೆದರೂ ಹಿಮ. ಪಲ್ಲವಿ ಅದನ್ನು ಮೂಗಿಗೆ ಹಿಡಿದು ನೋಡಿ, “ಮಿಸ್, ಪಾಪ ಇವ್ರು ಬಣ್ಣ ಹಾಕೋದೇ ಮರ್ತೋಗ್ಬಿಟ್ಟವ್ರೆ” ಅಂದಳು.

ನಮ್ಮ ಪೆಟ್ಟಿಗೆಗೆ ಮೊರ, ಪಾವು, ರೇಷ್ಮೆಗೂಡು ಎಲ್ಲ ಸೇರಿದವು. ಮಕ್ಕಳೇ ಮಾಡಿದ ಒಂದು ಪುಸ್ತಕವೂ ಬೇಕಿತ್ತು. ಗಟ್ಟಿ ಹಾಳೆ ಹುಡುಕುತ್ತಿದ್ದಾಗ ಊರ ಮುಂದೆ ಯಾರದೋ ಹುಟ್ಟುಹಬ್ಬಕ್ಕೆ ಕಟ್ಟಿದ್ದ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಹಬ್ಬ ಮುಗಿದು ತಿಂಗಳಾಗಿತ್ತು. ಇಳಿಸಿ, ಹನ್ನೊಂದು ತುಂಡು ಮಾಡಿ, ಹಿಂಬದಿಯ ಬಿಳಿಯ ಮೇಲೆ ಒಂದೊಂದು ಮಗುವಿನ ಬಲಗೈಯನ್ನೂ ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿಸಿದೆ. ಕೆಳಗೆ ಮಾರ್ಕರ್ ಪೆನ್ನಿನಲ್ಲಿ ನಾನೇ ಹೆಸರು ಬರೆದೆ. ಹೊಸಿಲಿಗೆ, ಗೋಡೆಯ ಅಂಚಿಗೆ ಬಳಿಯುತ್ತೇವಲ್ಲ, ಅದೇ ಕೆಮ್ಮಣ್ಣು. ನೀರಿನಲ್ಲಿ ಕಲಸಿದ್ದು, ಅಷ್ಟೇ. ಜೊತೆಗೆ ಒಂದು ಡಬ್ಬಿ ಮಣ್ಣನ್ನೂ ಒಂದು ಚೀಟಿಯನ್ನೂ ಇಟ್ಟೆ.

ಮಳೆಗಾಲದಲ್ಲಿ ಪಲ್ಲವಿ ಹೋದಳು. ಪಕ್ಕದ ಹೊಲದ ಕೃಷಿಹೊಂಡಕ್ಕೆ ಜಾರಿದಳು. ಹೊಂಡಕ್ಕೆ ಹಾಸುವ ಆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ, ಅವಳಿಗೆ ಆರು ವರ್ಷ. ಮಂಜುಳ ಅವಳ ತಾಯಿ. ಮಂಜುಳಳ ಅತ್ತೆ ಮಗುವಿನ ಬಟ್ಟೆ, ಸ್ಲೇಟು, ಬಳೆ, ಚೀಲ ಎಲ್ಲವನ್ನೂ ಅವಳ ಜೊತೆಗೇ ಮಣ್ಣಿಗೆ ಹಾಕಿಸಿದ್ದಳು. ಮನೆಯಲ್ಲಿ ಏನಾದರೂ ಉಳಿದರೆ ಮಗು ಅದಕ್ಕಾಗಿ ಅಲೆಯುತ್ತದೆ ಎಂದು ಆ ಮುದುಕಿಯ ನಂಬಿಕೆ.

“ಫೋಟೋ ಐತೆ ಮೇಡಂ, ಫೋನಲ್ಲಿ,” ಅಂದಳು ಮಂಜುಳ. “ಮುಟ್ಟಿದ್ರೆ ಗಾಜು ಸಿಗ್ತದೆ. ನೀವು ಕೈ ಒತ್ತಿಸಿದ್ರಲ್ಲ, ಆ ಹಾಳೆ ತಂದ್ಕೊಡ್ತೀರಾ? ಅತ್ತೇಗೆ ಹೇಳಲ್ಲ ನಾನು.”

ಆಮೇಲೆ ತನ್ನ ಬಲಗೈ ಎತ್ತಿ ಕಿರುಬೆರಳು ತೋರಿಸಿದಳು. ಅದರ ತುದಿ ಒಳಕ್ಕೆ ಬಾಗಿತ್ತು. “ಪಾಪಂಗೂ ಹಿಂಗೇ ಇತ್ತು. ನಮ್ಮಮ್ಮಂಗೂ ಹಿಂಗೇ. ಅದರಾಗೆ ಬಿದ್ದಿರ್ತದೆ, ನೋಡಿ.”

“ತರ್ತೀನಿ ಕಣಮ್ಮ,” ಅಂದೆ. ತರುವುದರಲ್ಲಿ ಏನು ಕಷ್ಟವಿದೆ ಎಂದುಕೊಂಡಿದ್ದೆ.

ದೇವನಹಳ್ಳಿಯಿಂದ ಹೆಲ್ಸಿಂಕಿ

ನಮ್ಮ ಪೆಟ್ಟಿಗೆ ಹೋದ ಶಿಶುವಿಹಾರವನ್ನು ನೋಡಿಬರಲು ಸಂಸ್ಥೆಯವರು ಇಬ್ಬರನ್ನು ಕಳಿಸಿದರು. ನನ್ನ ಜೊತೆಗೆ ಹೊರಟವರು ಮಾಲೂರು ತಾಲ್ಲೂಕಿನ ಲಕ್ಕೂರು ಕಡೆಯ ನಾರಾಯಣಸ್ವಾಮಿ ಮೇಷ್ಟ್ರು. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. ಟ್ರಂಕು ತೂಕ ಮೀರಿತೆಂದು ಮುದ್ದೆ ತಿರುವುವ ಕೋಲನ್ನು ಕೈಚೀಲಕ್ಕೆ ಹಾಕಿಕೊಂಡಿದ್ದೆ. ತಪಾಸಣೆಯಲ್ಲಿ ಒಬ್ಬಳು ಹುಡುಗಿ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತಳು.

“ಮುದ್ದೆ ಕೋಲಮ್ಮ,” ಅಂದೆ.

“ಗೊತ್ತು ಮೇಡಂ, ನಮ್ಮನೇಲೂ ಐತೆ. ಅದಕ್ಕೇ ಬಿಡಲ್ಲ. ನಮ್ಮಜ್ಜಿ ಇದ್ರಲ್ಲಿ ಹೊಡೀತಿದ್ರು.”

ಕೋಲು ದೇವನಹಳ್ಳಿಯಲ್ಲೇ ಉಳಿಯಿತು. ಉಳಿದದ್ದಕ್ಕೆ ಹೆಲ್ಸಿಂಕಿಯಲ್ಲಿ ಗಂಡಾಂತರ ಕಾದಿತ್ತು. ಈ ವರ್ಷದ ಮಕ್ಕಳು ಶ್ರೀನಿವಾಸಪುರದ ಮಾವಿನ ವಾಟೆಗಳನ್ನು ತೊಳೆದು ಒಣಗಿಸಿ, ಅದರ ನಾರನ್ನು ಕೂದಲಿನಂತೆ ಬಾಚಿ, ಕಣ್ಣು ಮೂಗು ಬರೆದು ಗೊಂಬೆ ಮಾಡಿದ್ದರು. ಬೀಜ ಅಂದರೆ ಬೀಜ, ಒಳಗೆ ಬಿಡುವಂತಿಲ್ಲ ಎಂದ ಅಲ್ಲಿಯ ಅಧಿಕಾರಿ. ಕೈಗೆ ಗ್ಲೌಸ್ ಹಾಕಿಕೊಂಡು ಒಂದೊಂದಾಗಿ ಡಬ್ಬಕ್ಕೆ ಬಿಟ್ಟ, ಪ್ರತಿಯೊಂದಕ್ಕೂ ಸಾರಿ ಅಂದ. ನಮ್ಮವರ ಹಾಗೆ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಹೋದ ಸಲ ಕೆಮ್ಮಣ್ಣಿನ ಡಬ್ಬಿ ಹೇಗೆ ದಾಟಿತೋ, ಬಹುಶಃ ಕುಂಕುಮ ಅಂದುಕೊಂಡಿರಬೇಕು.

“ಕಣ್ ಬೇರೆ ಬರ್ದಿದ್ರು ಮೇಡಂ,” ಅಂದರು ಮೇಷ್ಟ್ರು. ಬಸ್ಸು ಹತ್ತುವವರೆಗೂ ಅದನ್ನೇ ಅನ್ನುತ್ತಿದ್ದರು.

ಉಚ್ಚರಿಸಲಾಗದ ಊರು, ಗುರುವಾರ

ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೂ ಅದನ್ನು ಓದಿ ಹೇಳಲು ನನ್ನಿಂದಾಗದು. ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಕದ ಹಾಕಿಕೊಂಡು ಹೋಗಿಬಿಡುತ್ತಾನೆ. ಬಸ್‌ಸ್ಟಾಪಿನಲ್ಲಿ ಜನ ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ನಮ್ಮಲ್ಲಿ ದಾಯಾದಿಗಳು ಹಾಗೆ ನಿಲ್ಲುತ್ತಾರೆ, ಕೋರ್ಟಿನ ಹೊರಗೆ. ಇವರಿಗೆ ಯಾರ ಮೇಲೂ ಮುನಿಸಿಲ್ಲವಂತೆ.

ಶಿಶುವಿಹಾರದ ಅಂಗಳದಲ್ಲಿ ನಾಲ್ಕು ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು, ಹಿಮ ಉದುರುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿ ಗಾಬರಿಯಾದರು.

“ಅಯ್ಯಯ್ಯೋ, ಕೂಸುಗಳು ಮೇಡಂ. ಹೊರಗೇ ಮರ್ತೋಗವ್ರೆ.”

ಒಂದು ಕೂಸನ್ನು ಎತ್ತಿಕೊಂಡೇ ಬಿಟ್ಟರು. ಒಳಗಿನಿಂದ ಲೀಸಾ ಓಡಿ ಬಂದಳು. ಅವಳೇ ಅಲ್ಲಿಯ ಟೀಚರು, ಪೆಟ್ಟಿಗೆಯ ವಿಷಯದಲ್ಲಿ ವರ್ಷದಿಂದ ನನ್ನ ಜೊತೆ ಪತ್ರ ವ್ಯವಹಾರ ಮಾಡುತ್ತಿದ್ದವಳು. ಅಲ್ಲಿ ಕೂಸುಗಳನ್ನು ಚಳಿಯಲ್ಲೇ ಮಲಗಿಸುವುದಂತೆ, ನಿದ್ದೆ ಚೆನ್ನಾಗಿ ಬರುತ್ತದಂತೆ. ನಾವು ಕುಲಾವಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕಿಟಕಿ ಸಂದಿಗೆ ಬಟ್ಟೆ ತುರುಕಿ ಬೆಳೆಸುತ್ತೇವೆ. ಎತ್ತಿದ ಕೂಸು ಎಚ್ಚರವಾಗಿ ಕಿರುಚಿತು. ಅಲ್ಲಿ ನಾವು ಕೇಳಿದ ಮೊದಲ ದೊಡ್ಡ ದನಿ ಅದೇ.

ಕೂಸನ್ನು ಮತ್ತೆ ಮಲಗಿಸಿ ಲೀಸಾ ನಮ್ಮನ್ನು ಒಳಗೆ ಕರೆದಳು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಅದು ನಮ್ಮ ಹಾಗೆಯೇ. ಒದ್ದೆಯಾದ ಕೈಗವಸುಗಳನ್ನು ಒಣಗಿಸಲು ಒಂದು ಬೆಚ್ಚನೆಯ ಬೀರು. ಬಾಗಿಲು ತೆರೆದರೆ ಸಾಲು ಸಾಲು ಪುಟ್ಟ ಕೈಗಳು ನೇತಾಡುತ್ತಿದ್ದವು, ಪ್ರತಿಯೊಂದಕ್ಕೂ ಹೆಸರು ಹೊಲಿದಿತ್ತು. ನನಗೆ ಬೇರೆ ಕಡೆ ನೋಡಬೇಕಾಯಿತು.

ಶಾಲೆಯ ಹಿಂದೆಯೇ ಕೆರೆ. ಬೇಲಿ ಇಲ್ಲ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಲೀಸಾ, “ಹೆದರಬೇಡಿ, ಇವರೆಲ್ಲ ಐದಾರು ವರ್ಷಕ್ಕೇ ತೇಲಲು ಕಲಿಯುತ್ತಾರೆ” ಅಂದಳು. ನಮ್ಮಿಬ್ಬರದೂ ಮುರುಕು ಇಂಗ್ಲಿಷು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಮ್ಮ ಮಕ್ಕಳಿಗೆ ನಾವು ಹೊಂಡದ ಕಡೆ ಹೋಗಬೇಡಿ ಎಂದು ಮಾತ್ರ ಹೇಳುತ್ತೇವೆ. ಅದನ್ನು ನಾನೂ ನೂರು ಸಲ ಹೇಳಿದ್ದೆ, ತೇಲುವುದನ್ನು ಯಾರೂ ಕಲಿಸಲಿಲ್ಲ. ನನಗೂ ಬರುವುದಿಲ್ಲ.

ನಮ್ಮ ಪೆಟ್ಟಿಗೆ ಮಕ್ಕಳ ಕೈಗೆಟುಕುವ ಕೆಳಗಿನ ಗೂಡಿನಲ್ಲಿತ್ತು. ನಮ್ಮ ಕಡೆಯ ಕೆಲವು ಶಾಲೆಗಳಲ್ಲಿ ಹೊರದೇಶದ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಸಾಹೇಬರು ಬಂದಾಗ ಮಾತ್ರ ತೆಗೆಯುತ್ತಾರೆ. ಇಲ್ಲಿ ಮೊರದ ಒಂದು ಮೂಲೆ ಕಿತ್ತುಹೋಗಿತ್ತು, ಅದರ ಮೇಲೆ ಕೂತು ಹಿಮದಲ್ಲಿ ಜಾರುತ್ತಾರಂತೆ. ಪಾವು ನೆಗ್ಗಿತ್ತು. ನೋಡಿ ಸಂತೋಷವಾಯಿತು. ಮುಟ್ಟಲಿ ಎಂದೇ ಅಲ್ಲವೇ ಕಳಿಸಿದ್ದು.

ಪುಸ್ತಕ ತೆರೆದೆ. ಒಂದು ಹಾಳೆಯ ಹಿಂದೆ ಹುಟ್ಟುಹಬ್ಬದ ನಾಯಕರ ಅರ್ಧ ಮೀಸೆ, ಇನ್ನೊಂದರ ಹಿಂದೆ ಮುಗಿದ ಕೈ. ಇವರು ಯಾವ ದೇವರು ಎಂದು ಮಕ್ಕಳು ಕೇಳುತ್ತಿರುತ್ತಾರೆ ಅಂದಳು ಲೀಸಾ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಾನು ಹಾಳೆ ತಿರುವುತ್ತಲೇ ಹೋದೆ. ಏಳನೆಯದು ಪಲ್ಲವಿ. ನನ್ನ ಅಕ್ಷರದಲ್ಲಿ ಹೆಸರು, ಅದರ ಮೇಲೆ ಕೈ, ಐದು ಬೆರಳೂ ಸ್ಪಷ್ಟ, ಅಂಗೈಯ ಗೆರೆ ಕೂಡ ಎದ್ದು ಕಾಣುತ್ತಿತ್ತು. ಬೈರಕೂರಿನಿಂದ ಹೊತ್ತು ತಂದಿದ್ದ ಭಾರ ಇಳಿದ ಹಾಗಾಯಿತು.

ಹಾಳೆಯನ್ನು ಬೆಳಕಿಗೆ ಹಿಡಿದೆ. ಕಿರುಬೆರಳು ನೆಟ್ಟಗಿತ್ತು.

ಒತ್ತುವಾಗ ನಾನೇ ಬೆರಳನ್ನು ಬಿಡಿಸಿ ಒತ್ತಿರಬೇಕು ಎಂದುಕೊಂಡೆ. ಸಂಜೆಯವರೆಗೂ ಹಾಗೇ ಅಂದುಕೊಳ್ಳುತ್ತಿದ್ದೆ. ಹಾಳೆ ಕೇಳುವುದನ್ನು ನಾಳೆಗೆ ಇಟ್ಟುಕೊಂಡೆ.

ಶುಕ್ರವಾರ

ಬೆಳಿಗ್ಗೆ ಹನ್ನೊಂದು ಮಕ್ಕಳು ನೆಲದ ಮೇಲೆ ವೃತ್ತವಾಗಿ ಕೂತರು. ಲೀಸಾ ನಮಗೆ ಅಚ್ಚರಿ ಕಾದಿದೆ ಎನ್ನುವವಳಂತೆ ನಗುತ್ತಾ ಒಂದು ತಟ್ಟೆಯಲ್ಲಿ ನೀರು, ಒದ್ದೆ ಬಟ್ಟೆ, ನಮ್ಮ ಕೆಮ್ಮಣ್ಣಿನ ಡಬ್ಬಿ ತಂದಿಟ್ಟಳು. ಪುಸ್ತಕದ ದಾರ ಬಿಚ್ಚಿ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟಳು. ಮಕ್ಕಳು ಶಾಸ್ತ್ರೋಕ್ತವಾಗಿ ಬಟ್ಟೆ ಅದ್ದಿ, ಹಿಂಡಿ, ಹಾಳೆ ಒರೆಸಲು ಶುರುಮಾಡಿದರು. ಫ್ಲೆಕ್ಸಿನ ಮೇಲಿನ ಕೆಮ್ಮಣ್ಣು ಒಂದೇ ಎಳೆತಕ್ಕೆ ಹೋಗುತ್ತದೆ. ಹೊಸಿಲಿನ ಕಲ್ಲಾದರೂ ಸ್ವಲ್ಪ ಕುಡಿಯುತ್ತದೆ, ಫ್ಲೆಕ್ಸು ಏನನ್ನೂ ಕುಡಿಯುವುದಿಲ್ಲ.

“ಇದೇನು ಮಾಡ್ತಿದ್ದಾರೆ?” ಅಂದೆ. ಕನ್ನಡದಲ್ಲೇ ಅಂದೆ.

ಲೀಸಾ ನನ್ನ ಚೀಟಿಯನ್ನು ತೋರಿಸಿದಳು. ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಅಂಟಿಸಿದ್ದಳು. ಕೋಲಾರದ ಸಂಸ್ಥೆಯ ಹುಡುಗಿ ಇಂಗ್ಲಿಷಿಗೆ ಹಾಕಿಕೊಟ್ಟ ನನ್ನದೇ ಮಾತು. ಕೆಮ್ಮಣ್ಣು ಅಳಿಸಿಹೋದರೆ ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಗಳಲ್ಲಿ ಪ್ರತಿ ಶುಕ್ರವಾರ ಹಳೆಯದನ್ನು ತೊಳೆದು ಹೊಸದಾಗಿ ಬಳಿಯುತ್ತೇವೆ, ಡಬ್ಬಿಯಲ್ಲಿ ಮಣ್ಣಿದೆ, ನಿಮ್ಮ ಮಕ್ಕಳೂ ಹಾಗೆ ಮಾಡಲಿ.

“ಒಂದು ಶುಕ್ರವಾರವೂ ತಪ್ಪಿಸಿಲ್ಲ,” ಅಂದಳು ಲೀಸಾ. ಅವಳ ಮುಖದಲ್ಲಿ ಹೆಮ್ಮೆ ಇತ್ತು.

ತಪ್ಪಿಸುವ ಜನ ಅಲ್ಲ ಅವರು. ನಮ್ಮಲ್ಲಿ ಇಂಥ ಚೀಟಿಯನ್ನು ಯಾರೂ ಓದುತ್ತಲೇ ಇರಲಿಲ್ಲ. ಓದಿದರೂ ಎರಡು ವಾರ ಮಾಡಿ ಮರೆಯುತ್ತಿದ್ದೆವು, ಆಗ ಪಲ್ಲವಿಯ ಕೈ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತಿತ್ತು. ನನಗೆ ಆ ಗಳಿಗೆಯಲ್ಲಿ ಲೀಸಾಳ ಮೇಲೆ ಬಂದ ಸಿಟ್ಟು ಹೇಳತೀರದು. ನನ್ನ ಮೇಲೆ ಬರಬೇಕಿದ್ದ ಸಿಟ್ಟು ಅದು.

ಪಲ್ಲವಿಯ ಹಾಳೆ ಇದ್ದದ್ದು ವೇರಾ ಎಂಬ ಹುಡುಗಿಯ ಮಡಿಲಲ್ಲಿ. ಆರು ವರ್ಷ, ಮುಂದಿನ ಹಲ್ಲು ಬಿದ್ದಿತ್ತು. ನಾನು ನೋಡುತ್ತಿದ್ದಂತೆಯೇ ಹಾಳೆ ಬೆಳ್ಳಗಾಯಿತು, ಉಳಿದದ್ದು ನನ್ನ ಅಕ್ಷರ ಮಾತ್ರ. ವೇರಾ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಒತ್ತಿದಳು, ನಾಲಗೆ ಹೊರಚಾಚಿಕೊಂಡು, ಬಹಳ ಶ್ರದ್ಧೆಯಿಂದ. ಆಮೇಲೆ ತಲೆಯೆತ್ತಿ ನನ್ನನ್ನು ಏನೋ ಕೇಳಿದಳು. ಮಾತಿನ ನಡುವೆ ಪಲ್ಲವಿ ಎಂಬುದು ಮಾತ್ರ ನನಗೆ ತಿಳಿಯಿತು. ಅವಳು ಅದನ್ನು ತಪ್ಪಿಲ್ಲದೆ ಹೇಳಿದಳು.

“ಪಲ್ಲವಿ ಹೇಗಿದ್ದಾಳೆ ಎಂದು ಕೇಳುತ್ತಿದ್ದಾಳೆ,” ಅಂದಳು ಲೀಸಾ.

“ಚೆನ್ನಾಗಿದ್ದಾಳೆ,” ಅಂದೆ.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಬಾಯಿಂದ ಆ ದಿನ ಆಮೇಲೆ ಮಾತು ಬರಲಿಲ್ಲ.

ಮಕ್ಕಳು ಊಟಕ್ಕೆ ಹೋದ ಮೇಲೆ ಲೀಸಾಗೆ ಎಲ್ಲ ಹೇಳಿದೆ. ಹೊಂಡ, ಮಂಜುಳ, ಬಾಗಿದ ಬೆರಳು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆ ದೇಶದವರ ಮೌನ ಎರಡು ದಿನದಿಂದ ನನಗೆ ಕಿರಿಕಿರಿಯಾಗಿತ್ತು. ಆಗ ಮಾತ್ರ ಯಾರಾದರೂ ಮಾತಾಡಿದ್ದರೆ ತಡೆಯಲಾಗುತ್ತಿರಲಿಲ್ಲ. ಕೊನೆಗೆ ಎದ್ದು ಕಂಪ್ಯೂಟರಿನಲ್ಲಿ ಪೆಟ್ಟಿಗೆ ತೆರೆದ ದಿನದ ಫೋಟೋಗಳನ್ನು ಹುಡುಕಿದಳು. ಮೊರ ಹಿಡಿದ ಮಕ್ಕಳು, ಪಾವು ಹಿಡಿದ ಮಕ್ಕಳು. ಪುಸ್ತಕದ್ದು ಒಂದೇ ಇತ್ತು. ಅದರಲ್ಲಿ ಪುಸ್ತಕ ಮುಚ್ಚಿತ್ತು, ಲೀಸಾ ಅದನ್ನು ಎದೆಗೊತ್ತಿಕೊಂಡು ನಗುತ್ತಿದ್ದಳು. ಅದನ್ನು ನೋಡಿ ಅವಳು ಅತ್ತಳು. ಒಣಗಿದ ಏಳನೇ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ನನ್ನ ಕೈಗೆ ಕೊಟ್ಟಳು.

“ವೇರಾ ಕೇಳಿದರೆ ಏನು ಹೇಳಲಿ?”

“ಏನೂ ಹೇಳಬೇಡಿ,” ಅಂದೆ.

ವಾಪಸು ದಾರಿ

ವಿಮಾನದಲ್ಲಿ ಮೇಷ್ಟ್ರಿಗೆ ಬಾಯಿ ಬಂತು.

“ಹೇಳ್ಬೇಡಿ ಮೇಡಂ. ಕೈ ಐತಲ್ಲ, ಕೊಟ್ಬಿಡಿ. ಆ ತಾಯಿ ಎದೆಗವುಚ್ಕೊಂಡು ಮಲಗ್ತಾಳೆ, ಅಷ್ಟೇ ತಾನೆ ಬೇಕಿರೋದು? ಸತ್ಯ ಹೇಳಿ ಯಾರಿಗೇನು ಉಪ್ಕಾರ ಮಾಡ್ತೀರಿ?”

“ಬೆರಳು ನೆಟ್ಟಗಿದೆ ಮೇಷ್ಟ್ರೇ.”

“ಒತ್ತುವಾಗ ನೆಟ್ಟಗಾಯ್ತು ಅನ್ನಿ. ನಿಮ್ಮ ಮೇಲೆ ಹಾಕ್ಕೊಳ್ಳಿ.”

ಸರಿ ಅನ್ನಿಸಿತು. ತರಗತಿಯಲ್ಲಿ ಸುಳ್ಳು ಹೇಳಿದರೆ ನಾಲಗೆ ಸುಡುತ್ತದೆ ಎಂದು ಮಕ್ಕಳನ್ನು ಹೆದರಿಸುವವಳು, ಸಮುದ್ರದ ಮೇಲೆ ಕೂತು ಒಂದು ಸುಳ್ಳನ್ನು ಹತ್ತು ಸಲ ಅಭ್ಯಾಸ ಮಾಡಿದೆ. ಕೊನೆಕೊನೆಗೆ ಅದು ನನಗೇ ನಿಜ ಅನ್ನಿಸತೊಡಗಿತು. ಚಾಕೊಲೇಟ್ ತಂದೆ, ಲಕ್ಷ್ಮಕ್ಕನ ಚಾಕು ಮರೆತೆ.

ಬೈರಕೂರು, ಮತ್ತೆ

ಮಂಜುಳಳ ಅತ್ತೆ ಹಿಪ್ಪುನೇರಳೆ ಸೊಪ್ಪಿಗೆ ಹೋಗಿದ್ದ ಹೊತ್ತು ನೋಡಿಕೊಂಡು ಹೋದೆ. ಶುಕ್ರವಾರವೇ ಆಗಿತ್ತು. ಬೀದಿಯ ಹೊಸಿಲುಗಳೆಲ್ಲ ಕೆಂಪಗಿದ್ದವು, ಅವರ ಮನೆಯದು ಬರಿಗಲ್ಲು. ಮಳೆಗಾಲದಿಂದ ಬಳಿದಿಲ್ಲ.

ರಟ್ಟು ಬಿಚ್ಚಿ ಹಾಳೆ ಕೊಟ್ಟೆ. ಮಂಜುಳ ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ವಿಮಾನದಲ್ಲಿ ಕಲಿತ ಮಾತು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಅವಳು ತಲೆಯೆತ್ತಿದ್ದಳು.

“ಇದು ನಮ್ಮ ಪಾಪದ್ದಲ್ಲ.”

ಬೆರಳು ತೋರಿಸಲೂ ಇಲ್ಲ. ನಾನು ಚೀಟಿಯ ವಿಷಯ, ಶುಕ್ರವಾರದ ವಿಷಯ, ಎಲ್ಲ ಹೇಳಿದೆ. ನಾನೇ ಬರೆದು ಕಳಿಸಿದ್ದೆ ಎಂಬುದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈಯಲಿ ಎಂದು ಕಾಯುತ್ತಿದ್ದೆ.

“ಯಾರದು ಮತ್ತೆ ಕೈ?”

“ಅಲ್ಲಿ ವೇರಾ ಅಂತ ಒಂದು ಮಗು.”

“ಎಷ್ಟು ವರ್ಷ?”

“ಆರು.”

ಮಂಜುಳ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಮುಟ್ಟಲಿಲ್ಲ. ಮುಟ್ಟಿದರೆ ಅಳಿಸಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಕೆಮ್ಮಣ್ಣು ಬಳಿಯುವವಳಲ್ಲವೇ.

“ಚೆನ್ನಾಗೈತಾ ಆ ಮಗು?”

“ಚೆನ್ನಾಗಿದ್ದಾಳೆ,” ಅಂದೆ. ಈ ಸಲ ನಿಜವನ್ನೇ ಹೇಳಿದೆ.

“ಹಂಗಾದ್ರೆ ಇಲ್ಲಿಗ್ಯಾಕೆ ತಂದ್ರಿ ಮೇಡಂ? ಬದುಕಿರೋ ಮಗು ಕೈ. ಈ ಮನೇಲಿ ಇಡಬಾರ್ದು. ವಾಪಸ್ ಕಳ್ಸಿ.” ರಟ್ಟಿನ ನಡುವೆ ಅವಳೇ ಹಾಳೆ ಇಟ್ಟು ಕಟ್ಟಿದಳು. “ಶುಕ್ರವಾರ ಬಂದ್ರೆ ಹುಡುಕಲ್ವಾ ಅದು?”

ನಾನು ಹೊರಡುವಾಗ ತಡೆದು ನಿಲ್ಲಿಸಿ, ಒಳಗೆ ಹೋಗಿ ಒಂದು ಡಬ್ಬಿ ತಂದಳು. ತುಂಬ ಕೆಮ್ಮಣ್ಣು, ಜರಡಿ ಹಿಡಿದದ್ದು. “ಅವ್ರತ್ರ ಖಾಲಿ ಆಗಿರ್ತದೆ. ನಾನೇನು ಬಳಿಯಲ್ಲ ಈಗ.”

ಮುಳಬಾಗಿಲಿನ ಅಂಚೆ ಕಚೇರಿಯಲ್ಲಿ ಹಾಳೆಯನ್ನು ತೆಗೆದುಕೊಂಡರು, ಮಣ್ಣನ್ನು ತೆಗೆದುಕೊಳ್ಳಲಿಲ್ಲ. ಹೊರದೇಶಕ್ಕೆ ಮಣ್ಣು ಹೋಗುವಂತಿಲ್ಲವಂತೆ. ಕೌಂಟರಿನ ಹುಡುಗ ನಿಯಮ ಓದಿ ಹೇಳಿದ, ನಾನು ವಾದಿಸಲಿಲ್ಲ. ಮಂಜುಳಳಿಗೆ ಇದನ್ನು ಇನ್ನೂ ಹೇಳಿಲ್ಲ.

ಆ ಡಬ್ಬಿ ನನ್ನ ತರಗತಿಯ ಬೀರುವಿನಲ್ಲಿದೆ. ಹೋದ ವಾರ ಈ ವರ್ಷದ ಪುಸ್ತಕ ಶುರುಮಾಡಿದೆವು. ಫ್ಲೆಕ್ಸ್ ಬಿಟ್ಟು ಒರಟು ಬಟ್ಟೆ ತರಿಸಿದೆ. ಶಾಲೆಯ ಹಿಂದಿನ ಜಾಲಿ ಮರದಿಂದ ಅಂಟು ಕಿತ್ತು ತಂದು, ನೆನೆಹಾಕಿ, ಮಂಜುಳ ಕೊಟ್ಟ ಮಣ್ಣಿಗೆ ಬೆರೆಸಿ ಕಲಸಿದೆ. ಹತ್ತು ಮಕ್ಕಳೂ ಕೈ ಒತ್ತಿದರು. ಮಾರನೆಯ ದಿನ ಅದು ಒಣಗಿದ ಮೇಲೆ ಒಂದು ಹಾಳೆಯನ್ನು ಉಗುರಿನಿಂದ ಕೆರೆದೆ, ಒದ್ದೆ ಬಟ್ಟೆಯಿಂದ ಉಜ್ಜಿದೆ, ಮತ್ತೆ ಉಜ್ಜಿದೆ. ಹೋಗಲಿಲ್ಲ.